ಒಂಬತ್ತರಲ್ಲಿ ಏಳು: ಮೇಷ್ಟ್ರ ಪಾಲಿನ ಪಿಂಚಣಿ ವಂತಿಗೆಯನ್ನು ಶಾಲಾ ಮಂಡಳಿ ಕಟ್ಟಿದರೆ ಆ ದುಡ್ಡು ಯಾರದು?

ಅಮೆರಿಕದ ಶಿಕಾಗೋ ನಗರದ ಸರ್ಕಾರಿ ಶಾಲೆಗೆ 2017ಕ್ಕಿಂತ ಮುಂಚೆ ಸೇರಿದ ಮೇಷ್ಟ್ರೊಬ್ಬರ ಪಿಂಚಣಿ ಲೆಕ್ಕ ತೆಗೆದು ನೋಡಿ. ಕಾನೂನಿನ ಪ್ರಕಾರ ಅವರ ಸಂಬಳದ ಶೇ 9ರಷ್ಟು ಹಣ ಶಿಕ್ಷಕರ ಪಿಂಚಣಿ ನಿಧಿಗೆ ಹೋಗಬೇಕು. ಅದರ ಹೆಸರೇ ‘ಉದ್ಯೋಗಿಯ ವಂತಿಗೆ’. ಆದರೆ ಅವರ ಸಂಬಳದಲ್ಲಿ ಕಟಾವಣೆ ಆಗುವುದು ಶೇ 2 ಮಾತ್ರ. ಉಳಿದ ಶೇ 7ನ್ನು ಶಾಲಾ ಮಂಡಳಿ ತನ್ನ ಬೊಕ್ಕಸದಿಂದ ಕಟ್ಟುತ್ತದೆ. ನಿಧಿಯ ಪುಸ್ತಕದಲ್ಲಿ ಮಾತ್ರ ಒಂಬತ್ತೂ ಮೇಷ್ಟ್ರ ಹೆಸರಿಗೇ ಜಮಾ ಆಗುತ್ತದೆ. ಈ ಏರ್ಪಾಡಿಗೆ ಅಲ್ಲಿ ‘ಪೆನ್ಷನ್ ಪಿಕ್‌ಅಪ್’ ಎನ್ನುತ್ತಾರೆ. ಮೇಷ್ಟ್ರು ಹೊರಬೇಕಾದದ್ದನ್ನು ಮಂಡಳಿ ಹೊತ್ತುಕೊಂಡಿತು ಎಂಬ ಅರ್ಥ.

ಇದನ್ನು ಕೇಳಿದ ತೆರಿಗೆದಾರ ‘ನಮ್ಮ ದುಡ್ಡಿನಲ್ಲಿ ಮೇಷ್ಟ್ರಿಗೆ ಪುಕ್ಕಟೆ ಪಿಂಚಣಿಯೇ?’ ಎಂದು ಕೇಳುತ್ತಾನೆ. ‘ಇದು ನಾವು ಎಂದೋ ಬಿಟ್ಟುಕೊಟ್ಟ ಸಂಬಳ, ಹೆಸರು ಮಾತ್ರ ಬೇರೆ’ ಎನ್ನುವುದು ಮೇಷ್ಟ್ರ ಉತ್ತರ. ಶಿಕಾಗೋ, ವಿಸ್ಕಾನ್ಸಿನ್, ಆರೆಗಾನ್ ಎಲ್ಲ ಕಡೆಯೂ ಈ ಎರಡು ಮಾತುಗಳ ನಡುವೆ ಮುಷ್ಕರ, ಮತದಾನ, ಕೋರ್ಟು ಕಚೇರಿ ಎಲ್ಲ ಆಗಿದೆ. ಮೇಷ್ಟ್ರ ಮಾತೇ ಸತ್ಯಕ್ಕೆ ಹತ್ತಿರ ಎಂದು ನನ್ನ ಅಭಿಪ್ರಾಯ. ಆದರೆ ಅದನ್ನು ಹಾಗೇ ನಂಬಿ ಎಂದು ಹೇಳುವುದಿಲ್ಲ. ಲೆಕ್ಕವನ್ನೇ ಬಿಡಿಸಿ ನೋಡೋಣ.

ಮೊದಲು ಬುಡ

ಕರ್ನಾಟಕದ ಓದುಗರಿಗೆ ಇದನ್ನು ಹಿಡಿಯಲು ಒಂದು ಸುಲಭ ದಾರಿಯಿದೆ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ಕ್ಕೆ ಮುಂಚೆ ಸೇರಿದ ಸರ್ಕಾರಿ ಶಿಕ್ಷಕರಿಗೆ ಹಳೇ ಪಿಂಚಣಿ. ಅದಕ್ಕಾಗಿ ಸಂಬಳದಲ್ಲಿ ಏನೂ ಮುರಿಯುವುದಿಲ್ಲ, ನಿವೃತ್ತಿಯ ನಂತರ ಸೂತ್ರದ ಪ್ರಕಾರ ಪಿಂಚಣಿ ಬರುತ್ತದೆ. ಆಮೇಲೆ ಸೇರಿದವರಿಗೆ ಎನ್‌ಪಿಎಸ್. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟು ಪ್ರತಿ ತಿಂಗಳೂ ಕಟಾವಣೆಯಾಗುತ್ತದೆ, ಸರ್ಕಾರ ತನ್ನ ಪಾಲು ಸೇರಿಸುತ್ತದೆ, ಕೊನೆಗೆ ಎಷ್ಟು ಸಿಗುತ್ತದೆ ಎಂಬುದು ಮಾರುಕಟ್ಟೆಯಲ್ಲಿ ಬೆಳೆದ ಗಂಟಿನ ಮೇಲೆ ನಿಂತಿದೆ. ಅಮೆರಿಕದ ಶಿಕ್ಷಕರ ಪಿಂಚಣಿ ಇವೆರಡರ ನಡುವಿನದು. ಕಟಾವಣೆಯಲ್ಲಿ ನಮ್ಮ ಎನ್‌ಪಿಎಸ್‌ನಂತೆ, ಫಲದಲ್ಲಿ ನಮ್ಮ ಹಳೇ ಪಿಂಚಣಿಯಂತೆ.

ಶಿಕಾಗೋ ಸೂತ್ರವನ್ನೇ ತೆಗೆದುಕೊಳ್ಳಿ. ಸೇವೆ ಸಲ್ಲಿಸಿದ ಪ್ರತಿ ವರ್ಷಕ್ಕೆ ಶೇ 2.2. ಅದನ್ನು ಕೊನೆಯ ವರ್ಷಗಳ ಸರಾಸರಿ ಸಂಬಳಕ್ಕೆ ಗುಣಿಸಬೇಕು. 20 ವರ್ಷ ಕಲಿಸಿದವರಿಗೆ ಸರಾಸರಿ ಸಂಬಳದ ಶೇ 44, 30 ವರ್ಷಕ್ಕೆ ಶೇ 66, ಹೆಚ್ಚೆಂದರೆ ಶೇ 75. ನಿಧಿ ಷೇರು ಪೇಟೆಯಲ್ಲಿ ಗಳಿಸಲಿ, ಕಳೆಯಲಿ, ಈ ಮೊತ್ತ ಬದಲಾಗದು. ಮೇಷ್ಟ್ರ ವಂತಿಗೆಯೂ ಶೇ 9 ಎಂದು ಕಾನೂನಿನಲ್ಲೇ ಬರೆದಿರುತ್ತದೆ. ಹೂಡಿಕೆ ಕೈಕೊಟ್ಟು ಬೀಳುವ ಕೊರತೆಯನ್ನು ತುಂಬಬೇಕಾದ್ದು ಉದ್ಯೋಗದಾತರು. ಎಂದರೆ ಮೇಷ್ಟ್ರ ಪಾಲು ಕಟ್ಟಿಟ್ಟ ಮೊತ್ತ, ಮಂಡಳಿಯ ಪಾಲು ಏರಿಳಿಯುವ ಮೊತ್ತ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಸಂಗತಿ ಅಮೆರಿಕದಲ್ಲಿ ನೆಲೆಸಿದ ನಮ್ಮವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಅಲ್ಲಿನ ಎಲ್ಲ ಶಿಕ್ಷಕರೂ ಸೋಷಿಯಲ್ ಸೆಕ್ಯುರಿಟಿ ಎಂಬ ಕೇಂದ್ರ ಸರ್ಕಾರದ ವೃದ್ಧಾಪ್ಯ ಪಿಂಚಣಿ ಯೋಜನೆಯ ಒಳಗಿಲ್ಲ. 1935ರಲ್ಲಿ ಆ ಕಾನೂನು ಬಂದಾಗ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳ ನೌಕರರನ್ನು ಹೊರಗಿಟ್ಟರು. 1950ರ ದಶಕದಿಂದ ಬೇಕಾದ ರಾಜ್ಯಗಳು ಸೇರಿಕೊಂಡವು. ಇಲಿನಾಯ್, ಓಹಾಯೋ, ಕ್ಯಾಲಿಫೋರ್ನಿಯಾ, ನೆವಾಡಾ ಮುಂತಾದ ರಾಜ್ಯಗಳ ಶಿಕ್ಷಕರು ಇಂದಿಗೂ ಹೊರಗೇ ಇದ್ದಾರೆ. ಇಂಥ ರಾಜ್ಯದಲ್ಲಿ ಜೀವನಪೂರ್ತಿ ಕಲಿಸಿದವರಿಗೆ ಶಾಲೆಯ ನೌಕರಿಯಿಂದ ಬರುವುದು ಶಿಕ್ಷಕರ ಪಿಂಚಣಿ ಒಂದೇ. ಆ ಶೇ 9 ಅವರಿಗೆ ಮುಪ್ಪಿನ ಊಟದ ಪ್ರಶ್ನೆ.

1979ರ ಡಿಸೆಂಬರ್ ಮತ್ತು ಅದರ ನಂತರ

1979ರ ಕೊನೆಗೆ ಶಿಕಾಗೋ ಶಾಲಾ ಮಂಡಳಿಯ ಕೈಯಲ್ಲಿ ಕಾಸಿರಲಿಲ್ಲ. ಸಾಲ ಕೊಡುವವರು ಹಿಂದೆ ಸರಿದರು, ಡಿಸೆಂಬರ್ ಸಂಬಳವೇ ತಪ್ಪಿತು. ಮರುವರ್ಷ ಮಂಡಳಿಯ ಹಣಕಾಸನ್ನು ನೋಡಿಕೊಳ್ಳಲು ಪ್ರತ್ಯೇಕ ಪ್ರಾಧಿಕಾರವನ್ನೇ ರಚಿಸಬೇಕಾಯಿತು. ಇಂಥ ಹೊತ್ತಿನಲ್ಲಿ ಮೇಷ್ಟ್ರ ಸಂಘಟನೆಯಾದ ಶಿಕ್ಷಕರ ಒಕ್ಕೂಟ ಸಂಬಳ ಏರಿಕೆ ಕೇಳಿದರೆ ಮಂಡಳಿ ಎಲ್ಲಿಂದ ತರುತ್ತದೆ? 1981ರ ಒಪ್ಪಂದದಲ್ಲಿ ದಾರಿಯೊಂದು ಸಿಕ್ಕಿತು. ಏರಿಕೆಯ ಬದಲಿಗೆ ಮೇಷ್ಟ್ರ ಪಿಂಚಣಿ ವಂತಿಗೆಯಲ್ಲಿ ಶೇ 7ನ್ನು ಮಂಡಳಿ ಹೊರುತ್ತದೆ ಎಂದಾಯಿತು.

ಮಂಡಳಿಗೂ ಇದು ಅನುಕೂಲವೇ. ಸಂಬಳಪಟ್ಟಿಯ ಅಂಕಿ ಏರಿಸದೆಯೇ ರಾಜಿಯಾಯಿತು. ಮೇಷ್ಟ್ರಿಗೆ ಅನುಕೂಲ, ಏಕೆಂದರೆ ಕಟಾವಣೆ ಇಳಿದ ಕೂಡಲೇ ಕೈಗೆ ಬರುವ ಸಂಬಳ ಏರುತ್ತದೆ. ಪತ್ರಿಕೆಯಲ್ಲಿ ‘ಶಿಕ್ಷಕರ ಸಂಬಳ ಏರಿಕೆ’ ಎಂಬ ತಲೆಬರಹವೂ ಬರುವುದಿಲ್ಲ. ಆ ಹೊತ್ತಿಗೆ ಎಲ್ಲರಿಗೂ ಬೇಕಿದ್ದದ್ದು ಅದೇ. ಆದರೆ ತಲೆಬರಹ ಬಾರದ ಏರಿಕೆಯನ್ನು ಮುಂದಿನ ತಲೆಮಾರು ಏರಿಕೆಯೆಂದು ನೆನಪಿಟ್ಟುಕೊಳ್ಳುವುದಿಲ್ಲ. ಮೂವತ್ತೈದು ವರ್ಷಗಳ ನಂತರದ ಜಗಳಕ್ಕೆ ಬೀಜ ಬಿದ್ದದ್ದು ಇಲ್ಲೇ.

ತೆರಿಗೆ ಕಾನೂನಿನ ಒಂದು ಸಾಲು

ಈ ಏರ್ಪಾಡು ಸರ್ಕಾರಿ ಶಾಲೆಗಳಲ್ಲೇ ಏಕೆ ಹೆಚ್ಚು, ಖಾಸಗಿ ಕಂಪನಿಗಳಲ್ಲಿ ಏಕಿಲ್ಲ? ಉತ್ತರ ಅಮೆರಿಕದ ಆದಾಯ ತೆರಿಗೆ ಸಂಹಿತೆಯ 414(ಎಚ್)(2) ಎಂಬ ಉಪವಿಧಿಯಲ್ಲಿದೆ. 1974ರ ಪಿಂಚಣಿ ಕಾಯ್ದೆಯ ಜೊತೆ ಬಂದದ್ದು ಅದು.

ಸೂತ್ರದ ಪ್ರಕಾರ ಪಿಂಚಣಿ ಕೊಡುವ ಯೋಜನೆಗೆ ಉದ್ಯೋಗಿ ಕಟ್ಟುವ ವಂತಿಗೆ ಸಾಮಾನ್ಯವಾಗಿ ತೆರಿಗೆ ಕಟ್ಟಿದ ನಂತರದ ಹಣ. ಮೊದಲು ಇಡೀ ಸಂಬಳಕ್ಕೆ ತೆರಿಗೆ, ಆಮೇಲೆ ಉಳಿದದ್ದರಲ್ಲಿ ವಂತಿಗೆ. ಉದ್ಯೋಗದಾತರು ಕಟ್ಟುವ ವಂತಿಗೆಗೆ ಹಾಗಿಲ್ಲ. ಅದಕ್ಕೆ ಆಗ ತೆರಿಗೆ ಇಲ್ಲ, ಮುಂದೆ ಪಿಂಚಣಿ ಕೈಗೆ ಬಂದಾಗ ಮಾತ್ರ. ಸರ್ಕಾರಿ ಯೋಜನೆಗಳಿಗೆ ಮಾತ್ರ ಅನ್ವಯಿಸುವ 414(ಎಚ್)(2) ಹೇಳುವುದಿಷ್ಟು: ಒಂದು ವಂತಿಗೆಗೆ ‘ಉದ್ಯೋಗಿಯದು’ ಎಂದು ಹೆಸರಿದ್ದರೂ, ಉದ್ಯೋಗದಾತ ಸಂಸ್ಥೆ ಅದನ್ನು ‘ಪಿಕ್‌ಅಪ್’ ಮಾಡಿದರೆ, ತೆರಿಗೆಯ ಮಟ್ಟಿಗೆ ಅದು ಉದ್ಯೋಗದಾತರ ವಂತಿಗೆ.

ಎಂದರೆ ಒಂದೇ ಹಣಕ್ಕೆ ಎರಡು ಹೆಸರು. ಪಿಂಚಣಿ ನಿಧಿಯ ಪುಸ್ತಕದಲ್ಲಿ ಮೇಷ್ಟ್ರದು, ತೆರಿಗೆ ಇಲಾಖೆಯ ಪುಸ್ತಕದಲ್ಲಿ ಮಂಡಳಿಯದು. ಇದರಲ್ಲಿ ಕಳ್ಳತನವೇನಿಲ್ಲ. ಕಾನೂನೇ ಎರಡು ಹೆಸರನ್ನೂ ಕೊಟ್ಟಿದೆ.

ಇಲ್ಲೊಂದು ಕಡೆ ಜನ ಎಡವುತ್ತಾರೆ, ವರದಿಗಾರರೂ ಎಡವಿದ್ದಾರೆ. ‘ಪಿಕ್‌ಅಪ್’ ಎಂಬ ಒಂದೇ ಮಾತನ್ನು ಎರಡು ಬೇರೆ ಬೇರೆ ಏರ್ಪಾಡುಗಳಿಗೆ ಬಳಸುತ್ತಾರೆ. ಒಂದರಲ್ಲಿ ಮಂಡಳಿ ನಿಜವಾಗಿಯೂ ಸಂಬಳದ ಮೇಲೆ ಹೆಚ್ಚುವರಿ ಹಣ ಕಟ್ಟುತ್ತದೆ. ಶಿಕಾಗೋದ ಏಳು ಹೀಗೆ. ಇನ್ನೊಂದರಲ್ಲಿ ಮಂಡಳಿ ‘ಈ ವಂತಿಗೆಯನ್ನು ನಾವು ಪಿಕ್‌ಅಪ್ ಮಾಡಿದ್ದೇವೆ’ ಎಂದು ನಿರ್ಣಯ ಬರೆದು, ಅಷ್ಟೇ ಮೊತ್ತವನ್ನು ಮೇಷ್ಟ್ರ ಸಂಬಳದಿಂದ ಇಳಿಸುತ್ತದೆ. ಮಂಡಳಿಗೆ ಒಂದು ಪೈಸೆಯ ಹೆಚ್ಚುವರಿ ಖರ್ಚೂ ಇಲ್ಲ, ಮೇಷ್ಟ್ರಿಗೆ ಆ ಹಣದ ಮೇಲಿನ ತೆರಿಗೆ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಅಮೆರಿಕದ ಬಹುಪಾಲು ಶಿಕ್ಷಕರಿಗೆ ಸಿಗುವುದು ಈ ಎರಡನೆಯದು. ಯಾವುದೋ ರಾಜ್ಯದಲ್ಲಿ ‘ಶಿಕ್ಷಕರ ವಂತಿಗೆಯನ್ನು ಶಾಲೆಯೇ ಪಿಕ್‌ಅಪ್ ಮಾಡುತ್ತದೆ’ ಎಂದು ಓದಿದರೆ ಮೊದಲು ಕೇಳಬೇಕಾದದ್ದು, ಸಂಬಳ ಇಳಿಸಿಯೋ, ಇಳಿಸದೆಯೋ?

ತೆರಿಗೆ ಇಲಾಖೆ ಇದಕ್ಕೆ ಕಟ್ಟುಪಾಡು ಹಾಕಿದೆ. 2006ರಲ್ಲಿ ಹೊರಡಿಸಿದ ನಿರ್ಣಯದ ಪ್ರಕಾರ ಸಂಸ್ಥೆ ಬರಹದಲ್ಲಿ ವಿಧಿವತ್ತಾಗಿ ತೀರ್ಮಾನ ಮಾಡಿರಬೇಕು, ಅದು ಮುಂದಿನ ಸಂಬಳಕ್ಕೆ ಮಾತ್ರ ಅನ್ವಯಿಸಬೇಕು, ಮತ್ತು ‘ಪಿಂಚಣಿಗೆ ಬೇಡ, ನನ್ನ ಕೈಗೇ ಕೊಡಿ’ ಎನ್ನುವ ಆಯ್ಕೆ ಉದ್ಯೋಗಿಗೆ ಇರಬಾರದು. ಮೂರನೆಯ ಷರತ್ತೇ ಮುಖ್ಯ. ಕೈಗೆ ತೆಗೆದುಕೊಳ್ಳುವ ಅವಕಾಶ ಇದ್ದ ಹಣ ಸಂಬಳವೇ ಆಗಿಬಿಡುತ್ತದೆ, ಆಗ ತೆರಿಗೆಯೂ ಬೀಳುತ್ತದೆ.

60,000 ಡಾಲರ್ ಮತ್ತು 65,934 ಡಾಲರ್

ಈಗ ಈ ವಿಷಯದ ತಿರುಳಿಗೆ ಬರೋಣ. ಶಿಕಾಗೋ ನಗರ ಬಿಟ್ಟು ಇಲಿನಾಯ್ ರಾಜ್ಯದ ಉಳಿದೆಲ್ಲ ಶಾಲೆಗಳ ಶಿಕ್ಷಕರಿಗೆ ಟಿಆರ್‌ಎಸ್ ಎಂಬ ಬೇರೆ ಪಿಂಚಣಿ ವ್ಯವಸ್ಥೆಯಿದೆ. ಅಲ್ಲೂ ಶಿಕ್ಷಕರ ವಂತಿಗೆ ಶೇ 9. ಅಲ್ಲಿನ ಎಷ್ಟೋ ಶಾಲಾ ಮಂಡಳಿಗಳು ಮೇಷ್ಟ್ರ ಪಾಲನ್ನು ಪೂರ್ತಿಯಾಗಿಯೋ ಒಂದಿಷ್ಟೋ ತಾವೇ ಕಟ್ಟುತ್ತವೆ.

ಎರಡು ಊರು ಕಲ್ಪಿಸಿಕೊಳ್ಳಿ. ಮೊದಲ ಊರಿನ ಒಪ್ಪಂದದಲ್ಲಿ ಮೇಷ್ಟ್ರ ಸಂಬಳ 60,000 ಡಾಲರ್, ಪಿಂಚಣಿಯ ಶೇ 9 ಮಂಡಳಿಯದೇ ಹೊಣೆ. ಎರಡನೆಯ ಊರಿನ ಒಪ್ಪಂದದಲ್ಲಿ ಸಂಬಳ 65,934 ಡಾಲರ್, ಶೇ 9 ಮೇಷ್ಟ್ರ ಸಂಬಳದಲ್ಲೇ ಕಟಾವಣೆ. ಯಾವ ಊರಿನ ಮೇಷ್ಟ್ರಿಗೆ ಹೆಚ್ಚು ಸಿಗುತ್ತದೆ?

ಎರಡನೆಯ ಊರಿನಲ್ಲಿ 65,934ರ ಶೇ 9 ಎಂದರೆ 5,934 ಡಾಲರ್. ಅದು ಕಳೆದರೆ ಉಳಿಯುವುದು 60,000. ಮೊದಲ ಊರಿನಲ್ಲಿ ಮೇಷ್ಟ್ರ ಕೈಗೆ 60,000 ಬರುತ್ತದೆ. ಮಂಡಳಿ ಟಿಆರ್‌ಎಸ್‌ಗೆ ಎಷ್ಟು ಕಟ್ಟಬೇಕು? 60,000ದ ಶೇ 9 ಎಂದು 5,400 ಅಲ್ಲ. ಟಿಆರ್‌ಎಸ್ ಹೇಳುವುದು ಹೀಗೆ: ಮಂಡಳಿ ಕಟ್ಟಿಕೊಟ್ಟ ವಂತಿಗೆಯೂ ಮೇಷ್ಟ್ರ ಗಳಿಕೆಯೇ, ಆದ್ದರಿಂದ ಆ ಗಳಿಕೆಯ ಮೇಲೂ ಶೇ 9 ಬೇಕು. 60,000ವನ್ನು 0.91ರಿಂದ ಭಾಗಿಸಿದರೆ, ಎಂದರೆ 1.098901ರಿಂದ ಗುಣಿಸಿದರೆ, 65,934 ಬರುತ್ತದೆ. ಅದರ ಶೇ 9, 5,934. ಅಲ್ಲಿನ ಶಾಲಾ ಕಚೇರಿಗಳ ಲೆಕ್ಕದವರಿಗೆ ಈ 1.098901 ಎಂಬ ಗುಣಕ ಬಾಯಿಪಾಠ.

ಕೈಗೆ ಬಂದದ್ದು ಎರಡೂ ಕಡೆ 60,000. ನಿಧಿಗೆ ಹೋದದ್ದು ಎರಡೂ ಕಡೆ 5,934. ಮಂಡಳಿಗೆ ತಗುಲಿದ್ದು ಎರಡೂ ಕಡೆ 65,934. ಪಿಂಚಣಿ ಲೆಕ್ಕಕ್ಕೆ ಹಿಡಿಯುವ ಗಳಿಕೆಯೂ ಎರಡೂ ಕಡೆ 65,934. ಕೈಗೆ ಬರುವ 60,000ಕ್ಕೆ ಎರಡು ಊರಿನಲ್ಲೂ ಒಂದೇ ಆದಾಯ ತೆರಿಗೆ, ಏಕೆಂದರೆ ಎರಡನೆಯ ಊರಿನ ಕಟಾವಣೆಗೂ 414(ಎಚ್)(2)ರ ರಕ್ಷಣೆ ಇದೆ. ಒಂದು ಊರಿನ ಮೇಷ್ಟ್ರು ‘ನಮ್ಮ ಮಂಡಳಿ ನನ್ನ ಪಿಂಚಣಿ ಕಟ್ಟುತ್ತದೆ’ ಎನ್ನುತ್ತಾರೆ, ಇನ್ನೊಬ್ಬರು ‘ನನ್ನ ಪಿಂಚಣಿ ನಾನೇ ಕಟ್ಟುತ್ತೇನೆ’ ಎನ್ನುತ್ತಾರೆ. ಇಬ್ಬರ ಬದುಕೂ ಒಂದೇ. ‘ಪುಕ್ಕಟೆ ಪಿಂಚಣಿ’ ಎಂಬ ಮಾತು ನನಗೆ ನೋವು ತರಿಸುವುದು ಇದಕ್ಕಾಗಿಯೇ. ಕಾಗದದ ಮೇಲೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹಾರಿದ ಹಣವನ್ನು ನೋಡಿ ಒಬ್ಬ ಮೇಷ್ಟ್ರನ್ನು ಪರಾವಲಂಬಿ ಎನ್ನುವುದು ತಪ್ಪು.

ಬೆಂಗಳೂರಿನ ಐಟಿ ಕಂಪನಿಯ ನೇಮಕ ಪತ್ರ ಓದಿದವರಿಗೆ ಇದು ಹೊಸದಲ್ಲ. ಸಿಟಿಸಿ ಎಂಬ ದೊಡ್ಡ ಅಂಕಿಯೊಳಗೆ ಕಂಪನಿ ಕಟ್ಟುವ ಪಿಎಫ್ ಪಾಲೂ ಸೇರಿರುತ್ತದೆ. ಹೆಸರು ‘ಕಂಪನಿಯ ವಂತಿಗೆ’, ಆದರೆ ಕೆಲಸಕ್ಕೆ ಸೇರುವಾಗ ಒಪ್ಪಿದ ಒಟ್ಟು ಮೊತ್ತದಿಂದಲೇ ಅದು ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು.

ಒಂದು ಸಣ್ಣ ವ್ಯತ್ಯಾಸ ಮಾತ್ರ ಉಳಿಯುತ್ತದೆ. 1986ರ ಮಾರ್ಚ್ 31ರ ನಂತರ ನೇಮಕವಾದ ಶಿಕ್ಷಕರು, ಸೋಷಿಯಲ್ ಸೆಕ್ಯುರಿಟಿ ಒಳಗಿಲ್ಲದಿದ್ದರೂ, ಮೆಡಿಕೇರ್ ಎಂಬ ವೃದ್ಧರ ಆರೋಗ್ಯ ವಿಮೆಯ ತೆರಿಗೆ ಶೇ 1.45 ಕಟ್ಟಬೇಕು. ಸಂಬಳ ಇಳಿಸಿ ಮಾಡಿದ ಪಿಕ್‌ಅಪ್‌ಗೆ ಈ ತೆರಿಗೆಯಿಂದ ಬಿಡುಗಡೆ ಇಲ್ಲ, ಸಂಬಳದ ಮೇಲೆ ಹೆಚ್ಚುವರಿಯಾಗಿ ಮಂಡಳಿಯೇ ಕಟ್ಟಿದ್ದಕ್ಕೆ ಇದೆ. ನಮ್ಮ ಲೆಕ್ಕದಲ್ಲಿ 5,934ರ ಶೇ 1.45 ಎಂದರೆ ವರ್ಷಕ್ಕೆ ಸುಮಾರು 86 ಡಾಲರ್. ಮಂಡಳಿಗೂ ಅಷ್ಟೇ ಉಳಿತಾಯ. ಒಬ್ಬರ ಮಟ್ಟಿಗೆ ಚಿಲ್ಲರೆ, ಸಾವಿರ ಮೇಷ್ಟ್ರಿರುವ ಶಾಲಾ ಮಂಡಳಿಗೆ ಗಮನಿಸುವಷ್ಟು.

ಪಿಕ್‌ಅಪ್‌ನ ಮೇಲೆ ಪಿಕ್‌ಅಪ್

ಎಲ್ಲವೂ ಇಷ್ಟು ನೇರ ಎಂದು ಹೇಳಿದರೆ ಮಾತು ಪೂರ್ತಿಯಾಗುವುದಿಲ್ಲ. ದುರುಪಯೋಗದ ದಾರಿಯೂ ಇದೆ. ಓಹಾಯೋದಲ್ಲಿ ಶಿಕ್ಷಕರ ವಂತಿಗೆ ಈಗ ಶೇ 14. ಅಲ್ಲಿ ಶಾಲಾ ಜಿಲ್ಲೆಗಳ (ಒಂದೊಂದು ಶಾಲಾ ಮಂಡಳಿಯ ವ್ಯಾಪ್ತಿಗೆ ಈ ಹೆಸರು) ಸೂಪರಿಂಟೆಂಡೆಂಟ್‌ಗಳ, ಎಂದರೆ ಮುಖ್ಯಾಧಿಕಾರಿಗಳ, ಒಪ್ಪಂದಗಳಲ್ಲಿ ‘ಪಿಕ್‌ಅಪ್’ ಮಾತ್ರವಲ್ಲ, ‘ಪಿಕ್‌ಅಪ್‌ನ ಮೇಲೆ ಪಿಕ್‌ಅಪ್’ ಎಂಬ ಸಾಲೂ ಕಾಣುತ್ತದೆ. 1,00,000 ಡಾಲರ್ ಸಂಬಳಕ್ಕೆ ಮಂಡಳಿ 14,000 ಕಟ್ಟುತ್ತದೆ. ಆ 14,000ವನ್ನೂ ಗಳಿಕೆ ಎಂದು ಹಿಡಿದು ಅದರ ಶೇ 14, ಎಂದರೆ 1,960 ಡಾಲರ್, ಮತ್ತೆ ಕಟ್ಟುತ್ತದೆ. ಫಲವಾಗಿ ಪಿಂಚಣಿ ಲೆಕ್ಕಕ್ಕೆ ಸಂಬಳ 1,14,000 ಆಗುತ್ತದೆ. ಊರಿನವರ ಕಣ್ಣಿಗೆ ಬೀಳುವ ಅಂಕಿ ಮಾತ್ರ ಒಂದು ಲಕ್ಷ.

ಇಲ್ಲಿ ನನ್ನ ಆಕ್ಷೇಪ ಮೊತ್ತದ ಬಗ್ಗೆ ಅಲ್ಲ, ಅದು ಕಾಣದಿರುವ ಬಗ್ಗೆ. ತರಗತಿಯಲ್ಲಿ ನಿಲ್ಲುವ ಮೇಷ್ಟ್ರು ಒಕ್ಕೂಟದ ಮೂಲಕ ಎಲ್ಲರೆದುರು ಚೌಕಾಸಿ ಮಾಡಿ ಪಡೆದದ್ದಕ್ಕೂ, ಮೇಲಧಿಕಾರಿಯೊಬ್ಬರ ಖಾಸಾ ಒಪ್ಪಂದದ ಹನ್ನೆರಡನೇ ಪುಟದಲ್ಲಿ ಸೇರಿದ್ದಕ್ಕೂ ವ್ಯತ್ಯಾಸವಿದೆ. ಪಿಂಚಣಿ ಕೊನೆಯ ವರ್ಷಗಳ ಸರಾಸರಿಯ ಮೇಲೆ ನಿಂತಿರುವುದರಿಂದ, ನಿವೃತ್ತಿಗೆ ನಾಲ್ಕೈದು ವರ್ಷ ಇರುವಾಗ ಹೊಸದಾಗಿ ಪಿಕ್‌ಅಪ್ ಕೊಟ್ಟರೆ ಜೀವನಪೂರ್ತಿಯ ಪಿಂಚಣಿ ಉಬ್ಬುತ್ತದೆ. ಆ ಉಬ್ಬಿನ ಖರ್ಚು ಇಡೀ ರಾಜ್ಯದ ನಿಧಿಗೆ ಬೀಳುತ್ತದೆ, ಕೊಟ್ಟ ಊರಿಗಲ್ಲ. ಇಲಿನಾಯ್ 2005ರಲ್ಲಿ ಇದಕ್ಕೆ ಲಗಾಮು ಹಾಕಿತು. ಸರಾಸರಿಗೆ ಹಿಡಿಯುವ ವರ್ಷಗಳಲ್ಲಿ ಗಳಿಕೆ ವರ್ಷಕ್ಕೆ ಶೇ 6ಕ್ಕಿಂತ ಹೆಚ್ಚು ಏರಿದರೆ, ಅದರಿಂದ ಆಗುವ ಪಿಂಚಣಿ ಖರ್ಚನ್ನು ಆ ಶಾಲಾ ಮಂಡಳಿಯೇ ಟಿಆರ್‌ಎಸ್‌ಗೆ ಕಟ್ಟಿಕೊಡಬೇಕು. ನ್ಯಾಯವಾದ ನಿಯಮ.

ಮ್ಯಾಡಿಸನ್, 2011

ಪಿಕ್‌ಅಪ್ ಹೋದರೆ ಏನಾಗುತ್ತದೆ ಎಂಬುದಕ್ಕೆ ವಿಸ್ಕಾನ್ಸಿನ್‌ಗಿಂತ ಸ್ಪಷ್ಟ ಉದಾಹರಣೆ ಇಲ್ಲ. ಅಲ್ಲಿ ದಶಕಗಳಿಂದ ಶಾಲಾ ಜಿಲ್ಲೆಗಳು ತಮ್ಮ ಪಾಲಿನ ಜೊತೆಗೆ ಉದ್ಯೋಗಿಯ ಪಾಲನ್ನೂ ಬಹುತೇಕ ಪೂರ್ತಿಯಾಗಿ ಕಟ್ಟುತ್ತಿದ್ದವು. ಒಪ್ಪಂದದಿಂದ ಒಪ್ಪಂದಕ್ಕೆ ಅದು ಮುಂದುವರಿದು, ಹೊಸ ತಲೆಮಾರಿನ ಮೇಷ್ಟ್ರಿಗೆ ಅದು ಕಟಾವಣೆ ಎಂಬುದೇ ಗೊತ್ತಿರಲಿಲ್ಲ.

2011ರ ಫೆಬ್ರುವರಿಯಲ್ಲಿ ಗವರ್ನರ್ ಸ್ಕಾಟ್ ವಾಕರ್ ‘ಆಕ್ಟ್ 10’ ಎಂದು ಹೆಸರಾದ ಮಸೂದೆ ತಂದರು. ಹತ್ತಾರು ಸಾವಿರ ಜನ ರಾಜಧಾನಿ ಮ್ಯಾಡಿಸನ್‌ನ ಶಾಸನಸಭೆಯ ಕಟ್ಟಡ ಸುತ್ತುವರಿದರು, ಒಳಗೇ ಮಲಗಿದರು. ಕೋರಂ ಆಗಬಾರದೆಂದು ಡೆಮಾಕ್ರಟಿಕ್ ಪಕ್ಷದ 14 ಸೆನೆಟರ್‌ಗಳು ಪಕ್ಕದ ಇಲಿನಾಯ್‌ಗೆ ಹೋಗಿ ಕುಳಿತರು. ಕೊನೆಗೂ ಮಾರ್ಚ್ 11ರಂದು ಸಹಿ ಬಿತ್ತು. ಸಾಮೂಹಿಕ ಚೌಕಾಸಿಯ ಹಕ್ಕನ್ನು ಮೊಟಕು ಮಾಡಿದ್ದೇ ಜಗತ್ತಿನ ಸುದ್ದಿಯಾಯಿತು. ಮನೆಯ ಲೆಕ್ಕಕ್ಕೆ ತಟ್ಟಿದ್ದು ಇನ್ನೊಂದು ಸಾಲು: ಉದ್ಯೋಗಿಯ ಪಾಲನ್ನು ಉದ್ಯೋಗದಾತರು ಕಟ್ಟುವಂತಿಲ್ಲ. ಆ ವರ್ಷ ಒಟ್ಟು ವಂತಿಗೆ ಸಂಬಳದ ಶೇ 11.6 ಇತ್ತು. ಅರ್ಧ, ಎಂದರೆ ಶೇ 5.8, ಶಿಕ್ಷಕರ ಸಂಬಳದಿಂದ ಹೋಗತೊಡಗಿತು. 50,000 ಡಾಲರ್ ಸಂಬಳದವರಿಗೆ ಅದು ವರ್ಷಕ್ಕೆ 2,900 ಡಾಲರ್. ಬದಲಿಗೆ ಸಂಬಳ ಏರಲಿಲ್ಲ. ಏರಿಸಲು ಚೌಕಾಸಿ ಮಾಡೋಣ ಎಂದರೆ, ಹಣದುಬ್ಬರಕ್ಕಿಂತ ಹೆಚ್ಚಿನ ಮೂಲವೇತನ ಏರಿಕೆಗೆ ಊರಿನ ಮತದಾನ ಬೇಕು ಎಂದು ಅದೇ ಕಾನೂನು ಹೇಳಿತು. ಆ ವರ್ಷ ನಿವೃತ್ತಿ ತೆಗೆದುಕೊಂಡ ಶಿಕ್ಷಕರ ಸಂಖ್ಯೆ ಒಮ್ಮೆಲೇ ಜಿಗಿಯಿತು.

ತೆರಿಗೆದಾರರಿಗೆ ಉಳಿತಾಯ ಆದದ್ದು ನಿಜ, ಅದನ್ನು ಅಲ್ಲಗಳೆಯಲಾಗದು. ಆದರೆ ಅದು ‘ಅವರೂ ತಮ್ಮ ಪಾಲು ಕಟ್ಟಲಿ’ ಎಂಬ ಹೆಸರಿನಲ್ಲಿ ಆದ ಸಂಬಳ ಕಡಿತ. ಸಂಬಳ ಕಡಿತ ಬೇಕೇ ಬೇಡವೇ ಎಂದು ನೇರವಾಗಿ ಚರ್ಚೆ ಮಾಡಿದ್ದರೆ ಅದು ಪ್ರಾಮಾಣಿಕವಾಗಿರುತ್ತಿತ್ತು.

ಆರೆಗಾನ್ ಇದಕ್ಕೆ ತದ್ವಿರುದ್ಧ. ಅಲ್ಲಿ 1979ರಲ್ಲಿ ರಾಜ್ಯ ಸರ್ಕಾರ ಸಂಬಳ ಏರಿಕೆಯ ಬದಲು ನೌಕರರ ಶೇ 6 ವಂತಿಗೆಯನ್ನು ಹೊತ್ತುಕೊಂಡಿತು. ಎಷ್ಟೋ ಶಾಲಾ ಜಿಲ್ಲೆಗಳೂ ಅದೇ ದಾರಿ ಹಿಡಿದವು. 1994ರಲ್ಲಿ ‘ಮೆಷರ್ 8’ ಎಂಬ ಜನಮತ ಗಣನೆಯಲ್ಲಿ, ಆರನ್ನೂ ನೌಕರರೇ ಕಟ್ಟಬೇಕೆಂದು ಕಡಿಮೆ ಅಂತರದಲ್ಲಿ ತೀರ್ಮಾನವಾಯಿತು. ನೌಕರರು ಕೋರ್ಟಿಗೆ ಹೋದರು. 1996ರಲ್ಲಿ ಆರೆಗಾನ್ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಮಾಡಿಕೊಂಡ ಕರಾರನ್ನು ಮತದಾನದಿಂದ ಮುರಿಯುವಂತಿಲ್ಲ ಎಂಬುದು ತೀರ್ಪಿನ ಸಾರ. 2004ರಿಂದ ಆ ಶೇ 6 ಹಳೇ ಪಿಂಚಣಿಯ ಬದಲು ಪ್ರತ್ಯೇಕ ವೈಯಕ್ತಿಕ ಖಾತೆಗೆ ಹೋಗುವಂತೆ ಶಾಸನಸಭೆ ಬದಲಾಯಿಸಿತು.

ಮತ್ತೆ ಶಿಕಾಗೋ

2016ರ ಹೊತ್ತಿಗೆ ಶಿಕಾಗೋ ಮಂಡಳಿ ಮತ್ತೆ ದಿವಾಳಿಯ ಅಂಚಿನಲ್ಲಿತ್ತು. ಪಿಂಚಣಿ ನಿಧಿಯಲ್ಲಿ ಇರಬೇಕಾದ ಹಣದ ಅರ್ಧದಷ್ಟೇ ಇತ್ತು. ಪಿಕ್‌ಅಪ್ ಹಂತ ಹಂತವಾಗಿ ನಿಲ್ಲಿಸುವ ಪ್ರಸ್ತಾಪವನ್ನು ಒಕ್ಕೂಟದ ಚೌಕಾಸಿ ತಂಡ ಫೆಬ್ರುವರಿ 1ರಂದು ತಿರಸ್ಕರಿಸಿತು. ಒಪ್ಪಂದವಿಲ್ಲದೆಯೇ ಅದನ್ನು ನಿಲ್ಲಿಸುತ್ತೇವೆ ಎಂದು ಮಂಡಳಿಯ ಮುಖ್ಯಸ್ಥ ಫಾರೆಸ್ಟ್ ಕ್ಲೇಪೂಲ್ ಮರುದಿನವೇ ಹೇಳಿದರು. ಒಕ್ಕೂಟದ ಅಧ್ಯಕ್ಷೆ ಕ್ಯಾರನ್ ಲೂಯಿಸ್ ನಾಯಕತ್ವದಲ್ಲಿ ಮೇಷ್ಟ್ರು ಇದನ್ನು ಶೇ 7 ಸಂಬಳ ಕಡಿತ ಎಂದೇ ಕರೆದರು. ಮಂಡಳಿ ಹಿಂದೆ ಸರಿಯಿತು. ಆದರೂ ಏಪ್ರಿಲ್ 1ರಂದು ಒಂದು ದಿನದ ಮುಷ್ಕರ ನಡೆಯಿತು.

ನಿಧಿ ಬರಿದಾದದ್ದು ಪಿಕ್‌ಅಪ್‌ನಿಂದ ಎಂದು ಆಗ ಎಷ್ಟೋ ಜನ ನಂಬಿದ್ದರು. ಮೊದಲು ಹೇಳಿದ ವ್ಯತ್ಯಾಸವನ್ನು ಇಲ್ಲಿ ನೆನಪಿಸಿಕೊಳ್ಳಿ. ಮೇಷ್ಟ್ರ ಹೆಸರಿನ ಒಂಬತ್ತು, ಯಾರ ಜೇಬಿನಿಂದ ಬಂದರೂ, ಪ್ರತಿ ಸಂಬಳಕ್ಕೂ ತಪ್ಪದೆ ನಿಧಿ ಸೇರುತ್ತಿತ್ತು. ತಪ್ಪಿದ್ದು ಮಂಡಳಿಯ ಸ್ವಂತ ಪಾಲು. 1995ರ ಕಾನೂನು, ಪಿಂಚಣಿಗೆಂದೇ ಇದ್ದ ಆಸ್ತಿ ತೆರಿಗೆಯನ್ನು ಶಾಲೆಯ ಸಾಮಾನ್ಯ ಖರ್ಚಿಗೆ ತಿರುಗಿಸಲು ಅವಕಾಶ ಕೊಟ್ಟಿತು. ಆಗ ನಿಧಿ ತುಂಬಿತ್ತು, ಷೇರು ಪೇಟೆ ಏರುತ್ತಿತ್ತು. ಸುಮಾರು ಹತ್ತು ವರ್ಷ ಮಂಡಳಿ ತನ್ನ ಪಾಲನ್ನು ಕಟ್ಟಲಿಲ್ಲ. 2010ರಲ್ಲಿ ಮತ್ತೆ ಮೂರು ವರ್ಷ ಕಡಿಮೆ ಕಟ್ಟಲು ರಾಜ್ಯ ಅನುಮತಿ ಕೊಟ್ಟಿತು. ಈ ನಡುವೆ 2008ರ ಕುಸಿತವೂ ಬಂತು. ಕಣಜಕ್ಕೆ ಕಾಳು ಸುರಿಯುವುದನ್ನು ನಿಲ್ಲಿಸಿದ್ದೇ ಖಾಲಿಯಾಗಲು ದೊಡ್ಡ ಕಾರಣ. ಪಿಕ್‌ಅಪ್ ಮಂಡಳಿಯ ವಾರ್ಷಿಕ ಬಜೆಟ್ಟಿಗೆ ಭಾರವಾಗಿತ್ತು, ಅದು ನಿಜ. ನಿಧಿಯ ಮಟ್ಟಿಗೆ ಅದು ಬಂದ ಆದಾಯ.

ಇನ್ನೊಂದು ಸೂಕ್ಷ್ಮ. ಇಲಿನಾಯ್ ಸಂವಿಧಾನ 1970ರಿಂದಲೂ ಸರ್ಕಾರಿ ಪಿಂಚಣಿಯನ್ನು ಕಡಿಮೆ ಮಾಡುವಂತಿಲ್ಲ ಎನ್ನುತ್ತದೆ. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದೇ ಆಧಾರದ ಮೇಲೆ ಪಿಂಚಣಿ ಕಡಿತದ ಕಾನೂನೊಂದನ್ನು ಅಸಿಂಧು ಮಾಡಿತ್ತು. ಆದರೆ ಆ ಏಳು ಇದ್ದದ್ದು ಒಕ್ಕೂಟ ಮತ್ತು ಮಂಡಳಿಯ ನಡುವಿನ ಒಪ್ಪಂದದಲ್ಲಿ. ಒಪ್ಪಂದದ ಅವಧಿ 2015ರ ಜೂನ್‌ನಲ್ಲೇ ಮುಗಿದಿತ್ತು. ಹೀಗಾಗಿ ಅದನ್ನು ಉಳಿಸಿಕೊಳ್ಳಲು ಚೌಕಾಸಿ ಮೇಜು ಮತ್ತು ಮುಷ್ಕರದ ಬಲವೇ ಬೇಕಾಯಿತು.

ಅಕ್ಟೋಬರ್ 10ರ ನಡುರಾತ್ರಿಗೆ ಸ್ವಲ್ಪ ಮುಂಚೆ, ಮರುದಿನದ ಮುಷ್ಕರ ತಪ್ಪಿಸಿ ರಾಜಿಯಾಯಿತು. ಇರುವ ಮೇಷ್ಟ್ರಿಗೆ ಪಿಕ್‌ಅಪ್ ಮುಂದುವರಿಕೆ. 2017ರ ಜನವರಿ 1ರಿಂದ ಸೇರುವವರು ಒಂಬತ್ತನ್ನೂ ತಾವೇ ಕಟ್ಟಬೇಕು, ಅದಕ್ಕೆ ಬದಲಾಗಿ ಅವರ ಸಂಬಳ ಜನವರಿ ಮತ್ತು ಜುಲೈನಲ್ಲಿ ಎರಡು ಕಂತಾಗಿ ತಲಾ ಶೇ 3.5 ಏರುತ್ತದೆ. ಏಳನ್ನು ತೆಗೆದು ಏಳನ್ನು ಕೊಟ್ಟರು. ಪಿಕ್‌ಅಪ್ ಎಂದರೆ ಸಂಬಳವೇ ಎಂದು ಮಂಡಳಿಯೇ ಸಹಿ ಹಾಕಿ ಒಪ್ಪಿದಂತಾಯಿತು.

ಏಳಕ್ಕೆ ಏಳು ಸರಿಹೋಗುತ್ತದೆಯೇ? ವಂತಿಗೆಯನ್ನು ಒಪ್ಪಂದದ ಸಂಬಳದ ಮೇಲೆ ಮಾತ್ರ ಲೆಕ್ಕ ಹಾಕುತ್ತಾರೆ ಎಂದಿಟ್ಟುಕೊಳ್ಳೋಣ. 70,000 ಡಾಲರ್ ಸಂಬಳ, ಪಿಕ್‌ಅಪ್ ಇದ್ದರೆ ಮೇಷ್ಟ್ರು ಶೇ 2, ಎಂದರೆ 1,400 ಕಟ್ಟಿ 68,600 ಉಳಿಸಿಕೊಳ್ಳುತ್ತಾರೆ. ಪಿಕ್‌ಅಪ್ ತೆಗೆದು ಸಂಬಳವನ್ನು ಶೇ 7 ಏರಿಸಿದರೆ 74,900. ಅದರ ಶೇ 9, 6,741 ಹೋಗಿ ಉಳಿಯುವುದು 68,159. ಮಂಡಳಿಯ ಖರ್ಚು ಎರಡೂ ಕಡೆ 74,900. ಮೇಷ್ಟ್ರ ಕೈಗೆ 441 ಡಾಲರ್ ಕಡಿಮೆ. ಆ 441 ಪಿಂಚಣಿ ನಿಧಿಗೆ ಹೋಗಿರುತ್ತದೆ, ಏಕೆಂದರೆ ಒಂಬತ್ತನ್ನು ಈಗ ಹೆಚ್ಚು ಸಂಬಳದ ಮೇಲೆ ಮುರಿಯುತ್ತಾರೆ. ಕೈಗೆ ಬರುವುದು ಒಂದೇ ಇರಬೇಕಾದರೆ ಏರಿಕೆ ಶೇ 7.69 ಇರಬೇಕು. ಆದರೆ ಸಂಬಳದ ಅಂಕಿ ಏರಿದ್ದರಿಂದ ಮುಂದೆ ಪಿಂಚಣಿಯ ಸೂತ್ರದೊಳಗೂ ಹೆಚ್ಚಿನ ಅಂಕಿಯೇ ಹೋಗುತ್ತದೆ. ಇವತ್ತಿನ ಬಾಡಿಗೆ ಕಟ್ಟಲು ಒದ್ದಾಡುವ ಯುವ ಶಿಕ್ಷಕಿಗೆ ಆ 441 ಮುಖ್ಯ, ನಿವೃತ್ತಿಯ ಅಂಚಿನಲ್ಲಿರುವವರಿಗೆ ಸೂತ್ರದ ಅಂಕಿ ಮುಖ್ಯ.

ನೌಕರಿ ಬಿಟ್ಟು ಹೊರಟರೆ

ಇಷ್ಟೆಲ್ಲ ಹೇಳಿದ ಮೇಲೆ, ಹೆಸರು ಏನಾದರೂ ಒಂದೇ ಎಂದುಕೊಂಡುಬಿಟ್ಟರೆ ಒಂದು ಕಡೆ ದೊಡ್ಡ ಏಟು ಬೀಳಬಹುದು. ಅದು ನೆವಾಡಾ ರೀತಿಯ ಏರ್ಪಾಡು.

ನೆವಾಡಾದ ಸರ್ಕಾರಿ ನೌಕರರ ಪಿಂಚಣಿ ವ್ಯವಸ್ಥೆಯಲ್ಲಿ ಶಿಕ್ಷಕರೂ ಸೇರಿದ್ದಾರೆ. ಅಲ್ಲಿ ಉದ್ಯೋಗದಾತರೇ ಪೂರ್ತಿ ವಂತಿಗೆ ಕಟ್ಟುವ ಯೋಜನೆಯಿದೆ. ಕೇಳಲು ಚೆನ್ನಾಗಿದೆ. ಆದರೆ ಅದರ ಖರ್ಚಿನ ಅರ್ಧವನ್ನು ನೌಕರರು ಕಡಿಮೆ ಸಂಬಳದ ರೂಪದಲ್ಲಿ, ಇಲ್ಲವೇ ಬಿಟ್ಟುಕೊಟ್ಟ ಏರಿಕೆಯ ರೂಪದಲ್ಲಿ ಹೊರಬೇಕೆಂದು ಕಾನೂನೇ ಹೇಳುತ್ತದೆ. ವಂತಿಗೆಯ ದರ ಏರಿದಾಗ ಸಂಬಳಪಟ್ಟಿ ಅದಕ್ಕೆ ತಕ್ಕಂತೆ ಇಳಿಯುತ್ತದೆ ಅಥವಾ ಏರಬೇಕಾದಷ್ಟು ಏರುವುದಿಲ್ಲ. ಇಂಥ ರಾಜ್ಯದ ಸಂಬಳಪಟ್ಟಿಯನ್ನು ಪಕ್ಕದ ರಾಜ್ಯದ ಪಟ್ಟಿಯ ಜೊತೆ ಹಾಗೇ ಹೋಲಿಸಿದರೆ ತಪ್ಪು ಉತ್ತರ ಬರುತ್ತದೆ.

ಏಟು ಬೀಳುವುದು ಇಲ್ಲಿ: ಆ ಯೋಜನೆಯಲ್ಲಿ ಕಟ್ಟಿದ ಹಣ ಉದ್ಯೋಗದಾತರದು ಎಂದೇ ಲೆಕ್ಕ, ಉದ್ಯೋಗಿಯ ಹೆಸರಿನ ಖಾತೆ ಇಲ್ಲ. ಐದು ವರ್ಷ ಸೇವೆ ಆಗುವ ಮೊದಲು ಬಿಟ್ಟು ಹೋದರೆ ಪಿಂಚಣಿಯ ಹಕ್ಕಿಲ್ಲ, ಕಟ್ಟಿದ್ದು ವಾಪಸೂ ಬರುವುದಿಲ್ಲ. ಆ ಐದು ವರ್ಷ ಕಡಿಮೆ ಸಂಬಳಕ್ಕೆ ದುಡಿದದ್ದು ಮಾತ್ರ ನಿಜವಾಗಿ ಉಳಿಯುತ್ತದೆ. ಇಲಿನಾಯ್‌ನಲ್ಲಾದರೆ ಪಿಕ್‌ಅಪ್ ಆದ ವಂತಿಗೆಯೂ ಸದಸ್ಯರ ಹೆಸರಿನಲ್ಲೇ ಇರುವುದರಿಂದ ಬಿಟ್ಟು ಹೋಗುವವರು ಅದರ ಮರುಪಾವತಿ ಕೇಳಬಹುದು. ಅಲ್ಲಿ 2011ರ ಜನವರಿ 1ರಿಂದ ಸೇರಿದವರಿಗೆ ಪಿಂಚಣಿಯ ಹಕ್ಕು ಹುಟ್ಟಲು ಹತ್ತು ವರ್ಷ ಬೇಕು, ಆದ್ದರಿಂದ ಮರುಪಾವತಿಯ ಈ ಹಕ್ಕಿಗೆ ಬೆಲೆ ಇನ್ನೂ ಹೆಚ್ಚು.

ಭಾರತದಿಂದ ಜೆ-1 ವೀಸಾದ ಮೇಲೆ ಅಮೆರಿಕದ ಸರ್ಕಾರಿ ಶಾಲೆಗಳಿಗೆ ಕಲಿಸಲು ಹೋಗುವ ಶಿಕ್ಷಕರಿದ್ದಾರೆ. ಆ ವೀಸಾ ಸಾಮಾನ್ಯವಾಗಿ ಮೂರು ವರ್ಷಕ್ಕೆ, ವಿಸ್ತರಿಸಿದರೆ ಐದಕ್ಕೆ. ನಿಮ್ಮ ಮನೆಯಿಂದ ಯಾರಾದರೂ ಹೋಗುತ್ತಿದ್ದರೆ, ಸಹಿ ಹಾಕುವ ಮೊದಲು ಆ ಜಿಲ್ಲೆಯ ಸಿಬ್ಬಂದಿ ಕಚೇರಿಗೆ ಒಂದು ಇಮೇಲ್ ಬರೆದು ಕೇಳಲಿ: ನಾನು ಪಿಂಚಣಿ ಯೋಜನೆಯ ಸದಸ್ಯನಾಗುತ್ತೇನೆಯೇ? ಆದರೆ ವಂತಿಗೆ ನನ್ನ ಹೆಸರಿಗೆ ಜಮಾ ಆಗುತ್ತದೆಯೇ, ಜಿಲ್ಲೆಯ ಹೆಸರಿಗೇ? ನಾಲ್ಕನೇ ವರ್ಷ ಊರಿಗೆ ಮರಳಿದರೆ ನನಗೆ ಎಷ್ಟು ವಾಪಸ್ ಬರುತ್ತದೆ? ಉತ್ತರ ಬರಹದಲ್ಲಿ ಸಿಗಲಿ.